ತಾಯಿಯ ಕಡೆಯ ಸಾಕ್ಷ್ಯವೊಂದೇ ಸಾಲದು

ಮಾನ್ಯ ಸಂಪಾದಕರೇ,

ಪ್ರಾಣಿಗಳ ನಂಟನ್ನು ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ ಒಳಭಾಗದ) ಡಿಎನ್‌ಎಯಿಂದ ಗುರುತಿಸುವ ಕುರಿತು ತಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಸೊಗಸಾಗಿತ್ತು; ಆದರೆ ಒಂದು ಎಚ್ಚರಿಕೆಯ ಮಾತು ಸೇರಬೇಕಿತ್ತು. ಬಹುತೇಕ ಪ್ರಾಣಿಗಳಲ್ಲಿ 37 ವಂಶವಾಹಿಗಳಷ್ಟೇ ಇರುವ ಈ ಪುಟ್ಟ ಉಂಗುರಾಕಾರದ ಡಿಎನ್‌ಎ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುತ್ತದೆ. ಕೋಶವೊಂದರಲ್ಲಿ ಇದರ ನೂರಾರು ಪ್ರತಿಗಳಿರುವುದು ದೊಡ್ಡ ಅನುಕೂಲ: 1883ರಲ್ಲಿ ಅಳಿದ, ಆಫ್ರಿಕದ ಕುದುರೆಯಂಥ ಪ್ರಾಣಿ ಕ್ವಾಗಾದ ತೊಗಲಿಗೆ ಅಂಟಿಕೊಂಡಿದ್ದ ಒಣ ಮಾಂಸದಿಂದಲೇ 1984ರಲ್ಲಿ ಇದರ ತುಣುಕು ದೊರೆತು, ಅದು ಜೀಬ್ರಾದ ಬಂಧುವೆಂದು ತಿಳಿಯಿತು. ಹಿಮಕರಡಿಯ ವಿಷಯದಲ್ಲಿ ಮಾತ್ರ ಇದೇ ಸಾಕ್ಷ್ಯ ದಾರಿ ತಪ್ಪಿಸಿತು. ಅಲಾಸ್ಕದ ಅಡ್ಮಿರಾಲ್ಟಿ, ಬಾರನಾಫ್, ಚಿಚಗಾಫ್ ದ್ವೀಪಗಳ ಕಂದು ಕರಡಿಗಳಿಗೆ ಹಿಮಕರಡಿ (ತಂದೆಯ ಕಡೆಯವರನ್ನು ಕೇಳದೆ ಬರೆದ ವಂಶವೃಕ್ಷದಂತೆ) ಬಲು ಹತ್ತಿರದ್ದೆಂದು ಕಂಡರೂ, 2012ರಲ್ಲಿ ತಂದೆ-ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯನ್ನು ಪರಿಶೀಲಿಸಿದಾಗ ಹಿಮಕರಡಿಯದು ಪ್ರತ್ಯೇಕ ಕವಲೆಂದೂ, ಹಿಂದೆ ಈ ಎರಡು ಬಗೆಯ ಕರಡಿಗಳ ನಡುವೆ ನಡೆದ ಬೆರಕೆಯೇ ಈ ಗೊಂದಲಕ್ಕೆ ಕಾರಣವೆಂದೂ ಕಂಡುಬಂತು.

– ಓರ್ವ ಓದುಗ, ಮೈಸೂರು