ಹಾಡಿನ ಡಬ್ಬಿ ಬಿಸಾಕ್ಬೇಡಿ, ಅಳತೆ ಅದ್ರ ಮೇಲೇ ಬರೆದಿರುತ್ತೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ದಾವಣಗೆರೆ ವಿನೋಬನಗರದೋಳು, ಮನೇಲೇ ಬ್ಲೌಸ್ ಹೊಲಿತೀನಿ, ಫಾಲ್ಸು ಕುಚ್ಚು ಎಲ್ಲಾ ಮಾಡ್ತೀನಿ, 22 ವರ್ಷ ಆಯ್ತು. ನಿಮ್ಮ ಪತ್ರಿಕೆ ದಿನಾ ಓದ್ತೀನಿ, ಓದಿ ಮುಗಿದ ಮೇಲೆ ಅದ್ರಲ್ಲೇ ಪೇಪರ್ ಕಟಿಂಗ್ ತೆಗೀತೀನಿ, ಬೇಜಾರು ಮಾಡ್ಕೋಬೇಡಿ, ಎಲ್ಲಾ ಟೈಲರ್‌ಗಳೂ ಅದನ್ನೇ ಮಾಡೋದು. ಪತ್ರ ಬರೀತಿರೋದು ಇದೇ ಮೊದ್ಲು. ವಿಷಯ ಸಣ್ಣದು, ನನ್ನ ಎಂಪಿತ್ರಿ ಪ್ಲೇಯರ್‌ದು, ಅಂದ್ರೆ ಹಾಡು ತುಂಬಿಸ್ಕೊಂಡು ಕೇಳೋ ಪುಟ್ಟ ಡಬ್ಬೀದು.

ಹೋದ ತಿಂಗ್ಳು ಒಂದಿನ ಬೆಳಿಗ್ಗೆ ಮಷಿನ್ ಮೇಲಿಟ್ಟಿದ್ದ ಪ್ಲೇಯರ್ ನೋಡ್ತೀನಿ, ಬೆನ್ನು ಉಬ್ಬಿದೆ. ಎಣ್ಣೇಲಿ ಬಿಟ್ಟ ಪೂರಿ ಮೊದ್ಲು ಒಂದೇ ಕಡೆ ಏಳುತ್ತಲ್ಲ ಹಂಗೆ ಹಿಂದಿನ ಪ್ಲೇಟು ಎದ್ದು ಸಂದೀಲಿ ಬೆಳ್ಳಿ ಕಾಗದದ ಥರ ಏನೋ ಕಾಣ್ತಿತ್ತು, ಹಾಡು ಮಾತ್ರ ಬರ್ತಾನೇ ಇತ್ತು. ಅವತ್ತೇ ಲೈನಿಂಗ್ ಬಟ್ಟೆ ತರೋಕೆ ಮಂಡಿಪೇಟೆಗೆ ಹೋಗೋದಿತ್ತು, ಹಂಗೇ ಒಂದು ಮೊಬೈಲ್ ರಿಪೇರಿ ಅಂಗಡೀಗೆ ಹೋದೆ. ಹುಡ್ಗ ಕೈಗೂ ತಗಳ್ಲಿಲ್ಲ, ಗಾಜಿನ ಮೇಲೆ ಇಟ್ಟಿದ್ದನ್ನ ಅಲ್ಲಿಂದ್ಲೇ ನೋಡಿ, "ಅಕ್ಕ, ಬಿಸಾಕ್ರಿ ಇದನ್ನ, ಫೋನ್ ಐತಲ್ಲ" ಅಂದ. ಅಲ್ಲಿಂದ ಇನ್ನೊಂದು ಅಂಗಡಿ, ಅಲ್ಲಿಂದ ಮತ್ತೊಂದು, ಮೂರರಲ್ಲೂ ಇದೇ ಮಾತು. ಒಬ್ಬ ಅಂತೂ "ಇದು ಪೆನ್ ಡ್ರೈವಾ ಅಕ್ಕ" ಅಂತ ಕೇಳ್ದ.

ಫೋನ್ ಐತಲ್ಲ ಅನ್ನೋ ಮಾತಿಗೇ ನಾನು ಈ ಪತ್ರ ಬರೀತಿರೋದು. ಫೋನು ನಂಗೂ ಇದೆ. ಆದ್ರೆ ಹೊಲಿಗೆ ಕೆಲಸಕ್ಕೆ ಎರಡು ಕೈ, ಎರಡು ಕಣ್ಣು, ಒಂದು ಕಾಲು ಬೇಕು, ಖಾಲಿ ಇರೋದು ಕಿವಿ ಒಂದೇ. ಫೋನಲ್ಲಿ ಹಾಡು ಹಾಕ್ಕೊಂಡು ಕೂತ್ರೆ ಮಧ್ಯ ಸಾಲದ ಜಾಹೀರಾತು ಬರುತ್ತೆ, ಸಂಘದ ಗ್ರೂಪಿಂದ ಟಿಣ್ ಅನ್ನುತ್ತೆ, ಯಾರೋ ಕಾಲ್ ಮಾಡ್ತಾರೆ, ಎತ್ಕೊಂಡು ನೋಡಿದ್ನೋ ಮುಗೀತು, ಅರ್ಧ ಗಂಟೆ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ, ಅತ್ಲಾಗೆ ಕತ್ತಿನ ಪಟ್ಟಿ ಸೊಟ್ಟ ಆಗಿರುತ್ತೆ. ಈ ಡಬ್ಬಿಗೆ ಹಾಡು ಹೇಳೋದು ಬಿಟ್ರೆ ಬೇರೇನೂ ಬರಲ್ಲ. ಅದೇ ಅದ್ರ ದೊಡ್ಡತನ. ಕುಪ್ಪಸದ ಒಳಗೆ ಕ್ಲಿಪ್ ಹಾಕ್ಕೊಂಡಿರ್ತೀನಿ, ಮೇಲಿಂದ್ಲೇ ಹೆಬ್ಬೆರಳಲ್ಲಿ ಒತ್ತಿದ್ರೆ ಮುಂದಿನ ಹಾಡು, ಗುಂಡಿ ಎಲ್ಲೆಲ್ಲಿವೆ ಅಂತ ಬೆರಳಿಗೇ ಗೊತ್ತು, ನೋಡೋ ಕೆಲ್ಸಾನೇ ಇಲ್ಲ.

ಇದನ್ನ ತಗೊಂಡಿದ್ದು 2012ರಲ್ಲಿ, 1,400 ರೂಪಾಯಿಗೆ. 4 ಜಿಬಿ. ಆಗ ಕಂಪ್ಯೂಟರ್ ಅಂಗಡೀಲಿ ಹಾಡು ತುಂಬಿಸ್ತಿದ್ರು, ನನ್ನ ಹತ್ರ ಎಂಪಿತ್ರಿ ಸಿಡಿಗಳೂ ಒಂದು ಚೀಲ ಇದ್ವು, ಅದ್ರಲ್ಲಿ ಅರ್ಧ ಕಳ್ಳ ಸಿಡಿ, ಸುಳ್ಳು ಯಾಕೆ ಹೇಳ್ಲಿ. ಈಗ ಅದ್ರಲ್ಲಿ 612 ಹಾಡಿವೆ, ಪಿ.ಬಿ. ಶ್ರೀನಿವಾಸ್, ಜಾನಕಮ್ಮ, ವಚನ, ಒಂದಿಷ್ಟು ಜಾನಪದ. ತುಂಬಿಸೋಕೆ ಒಂದು ಉಪಾಯ ಬೇಕು, ಅದನ್ನ ಕಲಿಯೋಕೆ ನಂಗೆ ವರ್ಷ ಹಿಡೀತು. ಇಂಥ ಅಗ್ಗದ ಪ್ಲೇಯರ್ ಹಾಡನ್ನ ಹೆಸರಿನ ಪ್ರಕಾರ ಹೇಳಲ್ಲ, ಯಾವುದನ್ನ ಮೊದ್ಲು ಕಾಪಿ ಮಾಡಿದ್ವೋ ಅದನ್ನ ಮೊದ್ಲು ಹೇಳುತ್ತೆ. ಎಲ್ಲಾ ಒಟ್ಟಿಗೆ ಎಳೆದು ಬಿಟ್ರೆ ಭಕ್ತಿಗೀತೆ ಆದ ತಕ್ಷಣ ಕುಣಿಯೋ ಹಾಡು. ಅದಕ್ಕೆ ಒಂದೊಂದೇ ಹಾಡು ಬೇಕಾದ ಸಾಲಲ್ಲಿ ಕಾಪಿ ಮಾಡ್ಬೇಕು, ಮಣಿ ಪೋಣಿಸಿದಂಗೆ. ಇನ್ನು ಹಾಡಿಗೆ ಕನ್ನಡ ಅಕ್ಷರದಲ್ಲಿ ಹೆಸರಿಟ್ರೆ ಸ್ಕ್ರೀನ್ ಮೇಲೆ ಬರೀ ಚೌಕ ಚೌಕ ಡಬ್ಬಿ. ಹಂಗಾಗಿ ಕನ್ನಡ ಹಾಡಿಗೆಲ್ಲಾ ಇಂಗ್ಲಿಷ್ ಅಕ್ಷರದ ಹೆಸರು, ಇದೊಂದು ನಂಗೆ ಇವತ್ತಿಗೂ ಸಿಟ್ಟು.

ನಂಗೆ ಗಡಿಯಾರನೂ ಇದೇ. ಒಂದು ಬ್ಲೌಸಿಗೆ ಹುಕ್ಸ್ ಹಾಕಿ ಹೆಮ್ಮಿಂಗ್ ಮುಗಿಸೋಕೆ ಎಂಟು ಹಾಡು, ಹತ್ತಾಯ್ತು ಅಂದ್ರೆ ಅವತ್ತು ಮೈ ಸರಿ ಇಲ್ಲ ಅಂತ ಲೆಕ್ಕ. ಎರಡು ವರ್ಷಕ್ಕೊಂದ್ಸಲ ದುಗ್ಗಮ್ಮನ ಜಾತ್ರೆ ಬರುತ್ತಲ್ಲ, ಆ ಹದಿನೈದು ದಿನ ರಾತ್ರಿ ಒಂದು ಗಂಟೆ ತನಕ ಹೊಲಿತೀನಿ, ಮನೇಲಿ ಎಲ್ಲಾ ಮಲಗಿರ್ತಾರೆ, ಕರೆಂಟ್ ಹೋದ್ರೂ ಕಾಲಲ್ಲಿ ತುಳಿಯೋ ಮಷಿನ್ನು ಮತ್ತೆ ಈ ಡಬ್ಬಿ ಎರಡೂ ನಿಲ್ಲಲ್ಲ. ಎರಡೂ ಕಿವಿಗೆ ಯಾವತ್ತೂ ಹಾಕ್ಕೊಳ್ಳಲ್ಲ, ಬಾಗಿಲಲ್ಲಿ ಗಿರಾಕಿ ಕರೆದ್ರೆ ಕೇಳ್ಬೇಕಲ್ಲ. ಆದ್ರೆ ಒಂದೇ ಕಿವಿಗೆ ಹಾಕ್ಕೊಂಡ್ರೆ ಇನ್ನೊಂದು ಫಜೀತಿ, ಕೆಲವು ಹಾಡಲ್ಲಿ ತಬಲಾ ಒಂದು ಕಡೆ ಕೊಳಲು ಒಂದು ಕಡೆ ಇಟ್ಟಿರ್ತಾರೆ, ನಾನು ಎಷ್ಟೋ ವರ್ಷ ಒಂದು ಹಾಡಲ್ಲಿ ಕೊಳಲೇ ಇಲ್ಲ ಅನ್ಕೊಂಡಿದ್ದೆ.

ಇದ್ರಲ್ಲಿ ರೆಕಾರ್ಡಿಂಗ್ ಗುಂಡಿನೂ ಇದೆ. ಅಳತೆ ತಗೊಳ್ಳುವಾಗ ಬರಕೊಳ್ಳೋಕೆ ಕೈ ಇರಲ್ಲ ಅಂತ ಬಾಯಲ್ಲೇ ಹೇಳಿ ಹಿಡಿದಿಡ್ತೀನಿ. ಒಂದ್ಸಲ ಸ್ಪೀಕರಿಗೆ ಹಾಕಿ ಗಿರಾಕಿಗಳು ಕೂತಿರೋವಾಗ ಹಾಡು ಕೇಳಿಸ್ತಿದ್ದೆ, ವಚನ ಮುಗಿದ ತಕ್ಷಣ ನನ್ನದೇ ದನಿ, "ಎದೆ ನಲವತ್ತೆರಡು, ತೋಳು ಬಿಗಿ ಬೇಡ ಅಂದಾರೆ, ಹಳೇ ಬಾಕಿ ನೂರೈವತ್ತು". ಆ ಅಳತೆಯೋರು ಅಲ್ಲೇ ಕೂತಿದ್ರು. ಬಾಕಿ ಅವತ್ತೇ ಬಂತು, ಆದ್ರೆ ಆರು ತಿಂಗ್ಳು ನಮ್ಮನೆ ಕಡೆ ತಲೆ ಹಾಕ್ಲಿಲ್ಲ.

ನಮ್ಮಕ್ಕನ ಮಗ ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದ್ತಾನೆ, ರಜಕ್ಕೆ ಬಂದಾಗೆಲ್ಲಾ ಇದನ್ನ ನೋಡಿ ನಗೋನು, "ಚಿಕ್ಕಮ್ಮ, ಎಂಪಿತ್ರಿ 2017ಕ್ಕೇ ಸತ್ತೋಯ್ತು" ಅನ್ನೋನು. ಆಮೇಲೆ ಅವನೇ ಓದಿ ಬಂದು ಹೇಳ್ದ, ಎಂಪಿತ್ರಿ ಅಂದ್ರೆ ಹಾಡಿನ ಫೈಲನ್ನ ಚಿಕ್ಕದು ಮಾಡೋ ವಿಧಾನವಂತೆ, ಅದು ಸತ್ತಿದ್ದಲ್ವಂತೆ, ಜರ್ಮನಿಯ ಫ್ರಾನ್‌ಹೋಫರ್ ಅನ್ನೋ ಸಂಸ್ಥೆಯೋರು ಅದನ್ನ ಮಾಡಿದ್ರಲ್ಲ, ಅದ್ರ ಪೇಟೆಂಟು ಮುಗಿದು ಲೈಸೆನ್ಸ್ ಕೊಡೋದು ನಿಲ್ಸಿದ್ರಂತೆ, ಅಂದ್ರೆ ಯಾರು ಬೇಕಾದ್ರೂ ಕಾಸು ಕೊಡದೆ ಬಳಸ್ಬೋದು. ನೋಡಿ, ಲೀಸ್ ಮುಗಿದ್ರೆ ಮನೆ ಬಿದ್ದೋಯ್ತು ಅಂತೀವಾ? ಹಾಡು ಅಷ್ಟು ಚಿಕ್ಕದಾಗೋದು ಹೆಂಗೆ ಅಂತ ಕೇಳಿದ್ದಕ್ಕೆ ನನ್ನ ಮಷಿನ್ನೇ ತೋರಿಸ್ದ. ಮಷಿನ್ ಜೋರಾಗಿ ಓಡ್ತಿರುವಾಗ ಸೂಜಿ ಡಬ್ಬಿಯಿಂದ ಒಂದು ಗುಂಡುಪಿನ್ ಬಿದ್ರೆ ಕೇಳುತ್ತಾ ಚಿಕ್ಕಮ್ಮ ಅಂದ, ಇಲ್ಲ ಅಂದೆ, ಹಂಗೇ ದೊಡ್ಡ ಸದ್ದಿನ ಕೆಳಗೆ ಮುಚ್ಚಿಹೋಗೋ ಸಣ್ಣ ಸದ್ದನ್ನ ಕಿವಿ ಹೆಂಗೂ ಕೇಳಲ್ಲ, ಅದನ್ನ ಕತ್ತರಿಸಿ ತೆಗೆದುಬಿಡೋದೇ ಎಂಪಿತ್ರಿ ಅಂದ. ಸಿಡೀಲಿ 50 ಎಂಬಿ ಮೇಲೆ ಜಾಗ ತಿನ್ನೋ ಐದು ನಿಮಿಷದ ಹಾಡು ಹಿಂಗೆ ಕತ್ತರಿಸಿ 5 ಎಂಬಿ ಒಳಗೆ ಕೂರುತ್ತೆ. ಒಳ್ಳೆ ಕಟಿಂಗ್ ಮಾಸ್ಟರ್ ಕೆಲಸ ಬಿಡಿ, ಬಟ್ಟೆ ಉಳಿಸಿದ್ದು ಹಾಕ್ಕೊಂಡೋರಿಗೆ ಗೊತ್ತಾಗಬಾರ್ದು.

ಅವನೇ ಹೇಳಿದ್ದು, 1998ರಲ್ಲಿ ಕೊರಿಯಾದಲ್ಲಿ ಮೊದಲ ಪ್ಲೇಯರ್ ಬಂದಾಗ ಅದ್ರಲ್ಲಿ ಇದ್ದಿದ್ದೇ 32 ಎಂಬಿ, ಅಂದ್ರೆ ಅರ್ಧ ಗಂಟೆ ಹಾಡು, ನನ್ನ ಲೆಕ್ಕದಲ್ಲಿ ಒಂದು ಬ್ಲೌಸಿನ ಹೆಮ್ಮಿಂಗೂ ಮುಗಿಯಲ್ಲ. 2001ರಲ್ಲಿ ಆಪಲ್‌ನೋರು ಐಪಾಡ್ ತಂದ್ರು, 5 ಜಿಬಿ, ಸಾವಿರ ಹಾಡು. 2022ರ ಮೇ ತಿಂಗಳಲ್ಲಿ ಇನ್ನು ಐಪಾಡ್ ಮಾಡಲ್ಲ ಅಂತ ಅವರೇ ಹೇಳಿಬಿಟ್ರು. ಅವರು ಬಿಟ್ರೆ ನಾವೂ ಬಿಡ್ಬೇಕಾ?

ಈಗಿನೋರು ಆ್ಯಪಲ್ಲಿ ತಿಂಗಳಿಗಿಷ್ಟು ಅಂತ ಕೊಟ್ಟು ಕೇಳ್ತಾರೆ, ಕೋಟಿ ಹಾಡಿರುತ್ತೆ, ನಾನು ಬೇಡ ಅನ್ನಲ್ಲ. ಆದ್ರೆ ಅದ್ರಲ್ಲಿ ಡೌನ್‌ಲೋಡ್ ಮಾಡಿದ ಹಾಡು ಆ ಆ್ಯಪ್ ಬಿಟ್ಟು ಆಚೆ ಬರಲ್ಲ, ಈ ಡಬ್ಬಿಗೆ ಹಾಕೋಕಾಗಲ್ಲ, ದುಡ್ಡು ಕಟ್ಟೋದು ನಿಲ್ಸಿದ್ರೆ ಡೌನ್‌ಲೋಡ್ ಮಾಡಿದ್ದೂ ಹೋಯ್ತು. ಬಾಡಿಗೆ ಸೀರೆ ಉಟ್ಕೊಂಡು ಮದುವೆಗೆ ಹೋದಂಗೆ, ಫೋಟೋಕ್ಕೆ ಚೆನ್ನಾಗಿರುತ್ತೆ, ಬೀರುಲಿ ಮಡಚಿಡೋಕೆ ಸಿಗಲ್ಲ. ಹಾಡಿನ ಕಂಪನಿಯೋರು ಹಳೇ ಕನ್ನಡ ಹಾಡನ್ನ ಒಂದೊಂದಾಗಿ ಫೈಲು ಮಾಡಿ ಐದೋ ಹತ್ತೋ ರೂಪಾಯಿಗೆ ಮಾರಿದ್ರೆ ನಾನಂತೂ ತಗೋತೀನಿ, ಕಳ್ಳ ಸಿಡಿ ಪಾಪನೂ ಒಂದಿಷ್ಟು ಕಳ್ಕೋತೀನಿ.

ಬ್ಯಾಟ್ರಿ ವಿಷಯಕ್ಕೆ ಬರ್ತೀನಿ, ಪ್ಲೇಯರ್ ಬೆನ್ನು ಉಬ್ಬಿದ್ದು ಅದ್ರಿಂದ್ಲೇ. ಮೂರು ಅಂಗಡಿ ತಿರುಗಿ ಸಾಕಾಗಿ ಮನೆಗೆ ಬಂದು ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೊದ್ಲು ಹೇಳಿದ್ದು, ಚಾರ್ಜಿಗೆ ಹಾಕ್ಬೇಡಿ, ಒತ್ತಬೇಡಿ, ಸೂಜಿ ಗೀಜಿ ಚುಚ್ಚಬೇಡಿ, ಒಳಗೆ ಗ್ಯಾಸ್ ತುಂಬಿರುತ್ತೆ, ಬೆಂಕಿ ಹತ್ತುತ್ತೆ ಅಂತ. ನನ್ನ ಸುತ್ತ ಇರೋದೆಲ್ಲಾ ಸೂಜಿ ಮತ್ತೆ ಬಟ್ಟೆ, ಜೀವ ಝಲ್ ಅಂತು. ಆಮೇಲೆ ಕೇಳ್ದ, ಬ್ಯಾಟ್ರಿ ಮೇಲೆ ಏನು ಬರೆದಿದೆ ನೋಡಿ ಅಂತ. ಎದ್ದಿದ್ದ ಪ್ಲೇಟನ್ನ ಮೆಲ್ಲಗೆ ಸರಿಸಿ ಟಾರ್ಚ್ ಬಿಟ್ಟು ನೋಡಿದ್ರೆ 402030 ಅಂತ ಇತ್ತು, ಪಕ್ಕದಲ್ಲಿ 3.7 ವೋಲ್ಟು. ನಾನು ಅದ್ಯಾವುದೋ ಕಂಪನಿ ನಂಬರ್ ಅನ್ಕೊಂಡೆ. ಅಲ್ಲ ಚಿಕ್ಕಮ್ಮ, ಅದು ಅಳತೆ, ದಪ್ಪ 4 ಮಿಲಿಮೀಟರ್, ಅಗಲ 20, ಉದ್ದ 30 ಅಂದ.

ಅಳತೆ ಅಂದ್ಮೇಲೆ ನಂಗೆ ಧೈರ್ಯ ಬಂತು ನೋಡಿ. ಟೇಪ್ ತಗೊಂಡು ನಾನೇ ನೋಡಿದೆ, ಅಗಲ ಎರಡು ಸೆಂಟಿಮೀಟರ್, ಉದ್ದ ಮೂರು, ಸರಿಯಾಗಿ ಕೂತಿತ್ತು, ದಪ್ಪ ಮಾತ್ರ ಉಬ್ಬಿ ಕೆಟ್ಟಿತ್ತು. ಮಾರನೇ ದಿನ ಆ ನಂಬರ್ ಚೀಟೀಲಿ ಬರಕೊಂಡು ಹಳೇ ಬಸ್ ಸ್ಟ್ಯಾಂಡ್ ಹತ್ರ ರೇಡಿಯೋ ರಿಪೇರಿ ಮಾಡೋ ವಯಸ್ಸಾದ ಒಬ್ರ ಹತ್ರ ಹೋದೆ. ಅವರು ಕನ್ನಡಕ ಏರಿಸಿ ಚೀಟಿ ನೋಡಿ, "ತಂಗಿ, ಅಳತೆ ತಂದೀಯಲ್ಲ, ಕೆಲಸ ಅರ್ಧ ಆತು" ಅಂದ್ರು. ನಾಕು ದಿನಕ್ಕೆ ಬ್ಯಾಟ್ರಿ ತರಿಸಿದ್ರು, ಕೆಂಪು ವೈರೊಂದು ಕರೀ ವೈರೊಂದು, ಒಂದನ್ನ ಬಿಚ್ಚಿ ಅದ್ರ ತುದಿಗೆ ಟೇಪ್ ಸುತ್ತಿದ ಮೇಲೇ ಇನ್ನೊಂದಕ್ಕೆ ಕೈ ಹಾಕಿದ್ರು, ಎರಡೂ ತಾಗಿದ್ರೆ ಕಿಡಿ ಬರುತ್ತಂತೆ. ಹತ್ತು ನಿಮಿಷದ ಕೆಲಸ, ಬ್ಯಾಟ್ರಿ ಕೂಲಿ ಸೇರಿ 250 ರೂಪಾಯಿ. ಅಲ್ಲೇ ನಿಂತು ಆನ್ ಮಾಡಿದೆ, ಅವತ್ತು ನಿಂತಿದ್ದ ಹಾಡಿಂದ್ಲೇ ಶುರುವಾಯ್ತು. ಅವರೂ ಒಂದು ಇಯರ್‌ಫೋನ್ ಕಿವಿಗಿಟ್ಕೊಂಡು ಪೂರ್ತಿ ಹಾಡು ಕೇಳಿದ್ರು, ಆಮೇಲೆ ಎಫ್‌ಎಂಗೆ ಹಾಕಿ ಚಿತ್ರದುರ್ಗ ಆಕಾಶವಾಣಿ 102.6 ಹುಡುಕಿದ್ರು, ಗೊರಗೊರ ಅಂತ ಬಂತು. ಇಯರ್‌ಫೋನ್ ವೈರೇ ಇದಕ್ಕೆ ಆಂಟೆನಾ, ಸುತ್ತಿಡಬೇಡ, ಉದ್ದ ಬಿಡು ಅಂದ್ರು. ನಿಜ, ದುರ್ಗಕ್ಕೆ ಬಸ್ಸಲ್ಲಿ ಹೋಗುವಾಗ ಭರಮಸಾಗರ ದಾಟಿದ ಮೇಲೆ ವೈರ್ ಉದ್ದ ಬಿಟ್ರೆ ಚೊಕ್ಕಟವಾಗಿ ಬರುತ್ತೆ.

ಮೂರು ಅಂಗಡಿಯೋರು ಬಿಸಾಕಿ ಅಂದಿದ್ದು 250 ರೂಪಾಯಿ ಕೆಲಸಕ್ಕೆ. ಅವರನ್ನ ಬೈಯಲ್ಲ, ಫೋನ್ ಡಿಸ್‌ಪ್ಲೇ ಹಾಕಿದ್ರೆ ಸಿಗೋ ದುಡ್ಡು ಇದ್ರಲ್ಲಿ ಸಿಗಲ್ಲ. ಆದ್ರೆ ನಿಮ್ಮ ಓದುಗರ ಮನೇಲಿ ಟಿವಿ ಕೆಳಗಿನ ಡ್ರಾಯರಲ್ಲಿ ಇಂಥದ್ದೊಂದು ಬಿದ್ದಿದ್ರೆ ಒಂದ್ಸಲ ತೆಗೆದು ನೋಡ್ಲಿ, ಉಬ್ಬಿದ್ರೆ ಮುಟ್ಟೋದು ಹುಷಾರು, ಉಬ್ಬದೆ ಸುಮ್ನೆ ಸತ್ತಿದ್ರೆ ಆ ನಂಬರ್ ಬರಕೊಂಡು ಗೊತ್ತಿರೋರ ಹತ್ರ ಹೋಗ್ಲಿ.

ಇನ್ನೊಂದು ಉಳೀತು, ಆ ಉಬ್ಬಿದ ಹಳೇ ಬ್ಯಾಟ್ರಿ. ರಿಪೇರಿಯೋರು ಇದು ನನ್ನ ಹತ್ರ ಬೇಡ, ನಂದು ಮರದಲ್ಲಿ ಕಟ್ಟಿದ ಅಂಗಡಿ ಅಂದ್ರು. ಕಸದ ಗಾಡಿ ಹುಡುಗನಿಗೆ ತೋರಿಸಿದ್ರೆ, "ಒಣ ಕಸದಾಗೆ ಹಾಕ್ಬೇಡ್ರಿ ಅಕ್ಕ, ಗಾಡ್ಯಾಗೆ ಅಮುಕಿದ್ರೆ ಬೆಂಕಿ ಹತ್ತತೈತಿ" ಅಂದ, ಅವನ ಮಾತು ಸರಿಯಾಗೇ ಇದೆ. ಬ್ಯಾಟ್ರಿ ತ್ಯಾಜ್ಯಕ್ಕೆ ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ, ಅದ್ರ ಪ್ರಕಾರ ನಾವು ಬೇರೆ ಕಸದ ಜೊತೆ ಹಾಕಂಗಿಲ್ಲ, ತಯಾರು ಮಾಡಿದೋರೇ ವಾಪಸ್ ತಗೊಳ್ಳೋ ವ್ಯವಸ್ಥೆ ಮಾಡ್ಬೇಕು. ನನ್ನ ಡಬ್ಬಿ ಮಾಡಿದೋರು ಯಾವ ದೇಶದಲ್ಲಿದ್ದಾರೋ. ಮಂಡಿಪೇಟೆ, ಅಶೋಕ ರೋಡಿನ ಮೊಬೈಲ್ ಅಂಗಡಿಯೋರೆಲ್ಲಾ ಸೇರಿ ಹಳೇ ಬ್ಯಾಟ್ರಿ ಹಾಕೋಕೆ ಒಂದು ತಗಡಿನ ಡಬ್ಬ ಮರಳು ತುಂಬಿಸಿ ಇಟ್ರೆ, ಅಲ್ಲಿಂದ ಎತ್ಕೊಂಡು ಹೋಗೋ ಏರ್ಪಾಟನ್ನ ಸಂಬಂಧಪಟ್ಟೋರು ಮಾಡಿದ್ರೆ ಸಾಕು. ಅಲ್ಲೀ ತನಕ ನಂದು ನಮ್ಮನೆ ಹಿಂದಿನ ಮೆಟ್ಟಿಲ ಕೆಳಗೆ ಹಳೇ ಹಾಲಿನ ಪುಡಿ ಡಬ್ಬೀಲಿ ಮರಳೊಳಗೆ ಕೂತಿದೆ, ಮೇಲೆ ಮಾರ್ಕಿಂಗ್ ಚಾಕಲ್ಲಿ ಮುಟ್ಟಬೇಡಿ ಅಂತ ಬರೆದಿದ್ದೀನಿ, ಮಳೆ ಬಂದಾಗೆಲ್ಲಾ ಅಳಿಸಿಹೋಗುತ್ತೆ, ಮತ್ತೆ ಬರೀತೀನಿ.

ಇಂತಿ,
ಒಬ್ಬ ಟೈಲರಮ್ಮ,
ವಿನೋಬನಗರ, ದಾವಣಗೆರೆ