ಮಕ್ಕಳು ಮನೆಯ ಖರ್ಚಿನ ಲೆಕ್ಕ ಕೇಳಿದರೆ ಹೇಳಿ

ಪೋಷಕರೇ, ನಮಸ್ಕಾರ.

ಈ ವಾರ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ನಿಮ್ಮ ಬಳಿ ಬಂದು, ಹಳೆಯ ದಿನಸಿ ಚೀಟಿ ಇದೆಯಾ, ಹೋದ ವರ್ಷ ಎಣ್ಣೆಗೆ ಎಷ್ಟು ಕೊಟ್ಟಿದ್ದಿರಿ ಎಂದೆಲ್ಲ ಕೇಳುತ್ತಾರೆ. ಸುಮ್ನೆ ತಲೆ ತಿನ್ನುತ್ತಿದ್ದಾರೆ ಎಂದು ಬೈಯಬೇಡಿ. ಅದು ಸಮಾಜ ವಿಜ್ಞಾನದ ಪಾಠಕ್ಕೆ ನಾವೇ ಕೊಟ್ಟ ಕೆಲಸ. ಪಾಠ ಹಣದುಬ್ಬರದ್ದು.

ತರಗತಿಯಲ್ಲಿ ಮಾತು ಶುರುವಾಗಿದ್ದು ಟೊಮೆಟೊದಿಂದ. ಕೋಲಾರದ ಮಕ್ಕಳು, ಅಲ್ವಾ. 2023ರ ಜುಲೈ ನಿಮಗೂ ನೆನಪಿರುತ್ತದೆ. ನಮ್ಮ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದಕ್ಕೆ ಮುಂಚೆ ಬೆಲೆ ಬಿದ್ದು ಬಹಳ ರೈತರು ನಾಟಿ ಕಡಿಮೆ ಮಾಡಿದ್ದರು. ಇದ್ದ ಬೆಳೆಗೆ ಎಲೆ ಮುದುಡು ರೋಗ ಬಿತ್ತು. ಮೇಲೆ ಮಳೆಯ ಕಾಟ. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಬೆಲೆ ಮತ್ತೆ ನೆಲ ಕಚ್ಚಿತು.

ಬೆಲೆ ಏರುವುದು ಒಳ್ಳೆಯದಾ, ಕೆಟ್ಟದ್ದಾ ಎಂದು ಕೇಳಿದೆ. ತೋಟವಿರುವ ಮನೆಯ ಹುಡುಗ, "ಒಳ್ಳೇದು ಮಿಸ್, ಆ ಸಲ ನಮ್ಮ ಸಾಲ ತೀರಿತು" ಎಂದ. ಕೂಲಿಗೆ ಹೋಗುವ ಮನೆಯ ಹುಡುಗಿ ಮೆಲ್ಲಗೆ, "ನಮ್ಮನೇಲಿ ಆಗ ಸಾರಿಗೆ ಬರೀ ಹುಣಸೆಹಣ್ಣು ಹಾಕ್ತಿದ್ವಿ" ಎಂದಳು. ಇಬ್ಬರ ಮಾತೂ ನಿಜ. ಅವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿದೆ.

ಒಂದು ತರಕಾರಿ ಏರಿ ಇಳಿದರೆ ಅದಷ್ಟೇ ಹಣದುಬ್ಬರವಲ್ಲ. ಎಣ್ಣೆ, ಬೇಳೆ, ಬಸ್ ಚಾರ್ಜು, ಔಷಧಿ, ಮನೆ ಬಾಡಿಗೆ ಎಲ್ಲ ಸೇರಿ ಏರುತ್ತಾ ಹೋದರೆ ಅದು ಹಣದುಬ್ಬರ. ಕಾರಣ ಎಲ್ಲೋ ದೂರದಲ್ಲೂ ಇರಬಹುದು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ಕಳಿಸುವುದನ್ನೇ ನಿಲ್ಲಿಸಿತು. ನಮ್ಮ ಒಗ್ಗರಣೆಗೆ ಅದರ ಬಿಸಿ ತಟ್ಟಿತು. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಲಾರಿಯಲ್ಲಿ ಬರುವುದೆಲ್ಲ ಏರುತ್ತದೆ. ಜನರ ಕೈಯಲ್ಲಿ ದುಡ್ಡು ಹೆಚ್ಚಿ ಸರಕು ಅಷ್ಟೇ ಇದ್ದರೂ ಬೆಲೆ ಏರುತ್ತದೆ.

ಹಣದುಬ್ಬರ, ಅಂದರೆ ಒಂದು ವರ್ಷದಲ್ಲಿ ಬೆಲೆಗಳು ಏರುವ ಪ್ರಮಾಣ, 4% ಆಸುಪಾಸು ಇರಬೇಕು, 6% ಮೀರಬಾರದು ಎಂಬುದು ರಿಸರ್ವ್ ಬ್ಯಾಂಕಿನ ಗುರಿ. 2023ರ ಜುಲೈನಲ್ಲಿ ಅದು 7.44% ಆಗಿತ್ತು. ಅದಕ್ಕೂ ಮುಂಚೆಯೇ, 2022ರ ಮೇನಿಂದ 2023ರ ಫೆಬ್ರುವರಿವರೆಗೆ, ಬ್ಯಾಂಕು ರೆಪೊ ದರವನ್ನು, ಅಂದರೆ ಬೇರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 4%ರಿಂದ 6.5%ಕ್ಕೆ ಏರಿಸಿತ್ತು. ಸಾಲ ದುಬಾರಿಯಾದರೆ ಜನ ಖರ್ಚು ತಗ್ಗಿಸುತ್ತಾರೆ ಎಂಬ ಲೆಕ್ಕ. ಆದರೆ ಬಡ್ಡಿ ಏರಿಸಿದರೆ ಗಿಡದ ರೋಗ ವಾಸಿಯಾಗುವುದಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು ಅನ್ನಿಸಿತು, ಹೇಳಿದ್ದೇನೆ.

"ಹಣದುಬ್ಬರ ಇಳಿದಿದೆ ಅಂತ ಟಿವಿಯಲ್ಲಿ ಹೇಳ್ತಾರೆ, ಅಂಗಡಿಯಲ್ಲಿ ಯಾಕೆ ಇಳಿದಿಲ್ಲ?" ಎಂದು ನಿಮ್ಮಲ್ಲೂ ಕೆಲವರು ನನ್ನನ್ನು ಕೇಳಿದ್ದೀರಿ. ಅರವತ್ತರ ವೇಗದಲ್ಲಿದ್ದ ಬೈಕು ನಲವತ್ತಕ್ಕೆ ಬಂದರೂ ಮುಂದಕ್ಕೇ ಹೋಗುತ್ತಿರುತ್ತದೆ. ಬೆಲೆಯೂ ಹಾಗೆ. ಏರುವ ವೇಗ ಮಾತ್ರ ಕಡಿಮೆಯಾಗಿರುತ್ತದೆ.

ಇದರ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಕೂಲಿ ಏರದವರಿಗೆ, ಅಜ್ಜಿಯ ಪಿಂಚಣಿಗೆ, ಡಬ್ಬಿಯಲ್ಲಿ ಕೂಡಿಟ್ಟ ನೋಟಿಗೆ ಜಾಸ್ತಿ. ಬೆಲೆ ವರ್ಷಕ್ಕೆ 6% ಏರುತ್ತಾ ಹೋದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಅಂದರೆ ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವ ಹೊತ್ತಿಗೆ, ಇವತ್ತು 100 ರೂಪಾಯಿಗೆ ಬರುವ ಸಾಮಾನಿಗೆ 200 ಬೇಕು.

ಕೈ ಬಿಗಿಯಾದಾಗ ಮನೆಗಳಲ್ಲಿ ಮೊದಲು ನಿಲ್ಲುವುದು ಹಾಲು, ಹಣ್ಣು. ಆಮೇಲೆ ಕೆಲವು ಕಡೆ ಮಗಳ ಓದು. ಅದೇ ನನ್ನ ಭಯ, ಈ ಪತ್ರ ಬರೆಯುತ್ತಿರುವುದೂ ಅದಕ್ಕೇ. ಪುಸ್ತಕಕ್ಕೆ, ಬಸ್ಸಿಗೆ ಕಷ್ಟವಾದರೆ ಮಗುವನ್ನು ಶಾಲೆ ಬಿಡಿಸುವ ಮುಂಚೆ ಒಮ್ಮೆ ನನ್ನ ಹತ್ತಿರ ಬನ್ನಿ. ಸಂಕೋಚ ಬೇಡ. ಇಬ್ಬರೂ ಕೂತು ದಾರಿ ಹುಡುಕೋಣ.

ಮಕ್ಕಳ ಲೆಕ್ಕದ ಪುಸ್ತಕ ಶನಿವಾರ ಬೇಕು. ಚೀಟಿ ಇಲ್ಲದಿದ್ದರೆ ನೆನಪಿದ್ದಷ್ಟು ಬಾಯಲ್ಲಿ ಹೇಳಿ, ಅವರು ಬರೆದುಕೊಳ್ಳುತ್ತಾರೆ. ನಿಮ್ಮ ಸಂಬಳ, ಸಾಲ ಎಷ್ಟೆಂದು ಬರೆಯಬೇಕಿಲ್ಲ, ಸಾಮಾನಿನ ಬೆಲೆ ಸಾಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅವರ ಕಾಲದಲ್ಲಿ ಒಂದು ಸೇರು ರಾಗಿಗೆ ಎಷ್ಟಿತ್ತು ಎಂಬುದನ್ನೂ ಕೇಳಿಸಿ.

ಇತಿ,
ನಿಮ್ಮ ಮುಖ್ಯ ಶಿಕ್ಷಕಿ