ಸಂಖ್ಯೆ ನಮ್ಮದು, ವಾದ್ಯ ನಮ್ಮದಲ್ಲ: ಹಳೆಯ ಬೇಸ್ ಗಿಟಾರಿನ ತಪ್ಪು ದೃಢೀಕರಣದ ಕುರಿತು ದೂರು

ಟಿಳಕವಾಡಿ, ಬೆಳಗಾವಿ
18 ಆಗಸ್ಟ್ 2025

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಹಳೆಯ ವಾದ್ಯಗಳ ಮಾರಾಟ ವಿಭಾಗ,
ಬೆಂಗಳೂರು.

ವಿಷಯ: 1976ರ ರಿಕನ್‌ಬ್ಯಾಕರ್ 4001 ಬೇಸ್ ಗಿಟಾರ್ ಎಂದು ದೃಢೀಕರಿಸಿ ಬೇರೆ ವಾದ್ಯವನ್ನು ಕಳುಹಿಸಿರುವುದು, ಹಣ ಮರುಪಾವತಿ ಹಾಗೂ ವಾದ್ಯದ ಮೂಲದ ಮಾಹಿತಿ ಕೋರಿ.

ಮಾನ್ಯರೇ,

ಕೈತಪ್ಪಿ ಹೋದ ಹಳೆಯ ವಾದ್ಯಗಳನ್ನು ಹುಡುಕಿಕೊಡುವ ತಮ್ಮ ಸೇವೆಗೆ ನಾನು ಜೂನ್ 12ರಂದು ಅರ್ಜಿ ಸಲ್ಲಿಸಿದ್ದೆ. ಪರಿಶೀಲನಾ ಶುಲ್ಕವೆಂದು ₹6,500 ಮತ್ತು ವಾದ್ಯದ ಬೆಲೆಯೆಂದು ₹2,85,000 ಪಾವತಿಸಿದ್ದೇನೆ. ಜುಲೈ 8ರಂದು ತಮ್ಮ ದೃಢೀಕರಣ ಪತ್ರದೊಂದಿಗೆ ನನ್ನ ಮನೆಗೆ ತಲುಪಿದ ಬೇಸ್ ಗಿಟಾರ್ ನಾನು ಹುಡುಕುತ್ತಿದ್ದ ವಾದ್ಯವಲ್ಲ. ಮರುದಿನವೇ ಇದನ್ನು ಇ-ಮೇಲ್ ಮೂಲಕ ತಿಳಿಸಿದ್ದೆ. ಅದಕ್ಕೆ ಬಂದ ಎರಡು ಉತ್ತರಗಳಲ್ಲಿಯೂ ನನ್ನ ಪ್ರಶ್ನೆಗೆ ಸಮಾಧಾನ ಸಿಗದ ಕಾರಣ, ಎಲ್ಲವನ್ನೂ ವಿವರವಾಗಿ ಬರೆದು ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ನಾನು ಹುಡುಕುತ್ತಿರುವ ವಾದ್ಯ ನಮ್ಮ ಕಾಕಾ ಅವರದು. ಎಪ್ಪತ್ತರ ದಶಕದಲ್ಲಿ ಅವರು ಪ್ರಯಾಣಿಕರ ಹಡಗೊಂದರ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರು. ಹಡಗಿನ ಕೆಲಸ ಬಿಟ್ಟು 1981ರಲ್ಲಿ ಬೆಳಗಾವಿಗೆ ಮರಳಿದಾಗ ಅವರ ಬಳಿ ಒಂದು ಟ್ರಂಕು ಮತ್ತು ಈ ಗಿಟಾರ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಊರಿನ ಆರ್ಕೆಸ್ಟ್ರಾಗಳಲ್ಲಿ, ಗಣೇಶೋತ್ಸವದ ಮಂಟಪಗಳಲ್ಲಿ, ಕ್ಯಾಂಪ್ ಪ್ರದೇಶದ ಮದುವೆಗಳಲ್ಲಿ ಅವರು ಅದನ್ನು ನುಡಿಸುವುದನ್ನು ಕೇಳುತ್ತಲೇ ನಾನು ಬೆಳೆದೆ, ಅದರ ಮೇಲೆಯೇ ಕಲಿತೆ. ಬೇರೆಯವರ ಬೇಸ್ ಗಿಟಾರುಗಳು ಗುಂಯ್ ಎಂದು ಹಿನ್ನೆಲೆಯಲ್ಲಿ ಕರಗಿಹೋದರೆ ಇದರ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ, ಲೋಹದ ಮೊನಚಿನೊಂದಿಗೆ, ತಬಲಾ ಮತ್ತು ಢೋಲಕ್‌ಗಳ ನಡುವೆಯೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಈ ಮಾದರಿಯಲ್ಲಿ ನೆಕ್ಕು, ಅಂದರೆ ತಂತಿಗಳು ಹಾಯುವ ಉದ್ದನೆಯ ಕುತ್ತಿಗೆ, ಗಿಟಾರಿನ ಬಾಡಿಯ ಮೇಲೆ ಬೋಲ್ಟ್ ಹಾಕಿ ಜೋಡಿಸಿದ್ದಲ್ಲ. ತಂತಿ ಬಿಗಿಯುವ ತುದಿಯಾದ ಹೆಡ್‌ಸ್ಟಾಕಿನಿಂದ ಬಾಡಿಯ ಕೊನೆಯವರೆಗೂ ಒಂದೇ ಹಲಗೆ ಹಾಯ್ದು ಹೋಗಿರುತ್ತದೆ, ಮೇಪಲ್ ಮರದ್ದು. ತಂತಿಯ ಉದ್ದವೂ ಫೆಂಡರ್ ಕಂಪನಿಯ ಬೇಸ್‌ಗಳ 34 ಇಂಚಿಗಿಂತ ಕಡಿಮೆ, 33¼ ಇಂಚು. ಆ ನಾದದ ಗುಟ್ಟು ಇವುಗಳಲ್ಲಿದೆ ಎಂದು ಕಾಕಾ ಹೇಳುತ್ತಿದ್ದರು.

ಬೆಳಗಾವಿಯ ಮಳೆಗಾಲಕ್ಕೆ ನೆಕ್ಕು ಪ್ರತಿವರ್ಷ ಬಾಗುತ್ತಿತ್ತು. ಆ ಕಾಲದ 4001ರ ನೆಕ್ಕಿನೊಳಗೆ ಬಾಗು ತಡೆಯುವ ಎರಡು ಲೋಹದ ಸಲಾಕೆಗಳು, ಅಂದರೆ ಟ್ರಸ್ ರಾಡ್‌ಗಳಿರುತ್ತವೆ. ಅವುಗಳ ತುದಿಯ ನಟ್ಟನ್ನು ಬಲವಂತವಾಗಿ ತಿರುಗಿಸಿ ನೆಕ್ಕು ನೇರ ಮಾಡಹೊರಟರೆ ಅದರ ಮೇಲೆ ಅಂಟಿಸಿದ ಫಿಂಗರ್‌ಬೋರ್ಡ್ ಎದ್ದುಬರುವ ಅಪಾಯವಿದೆ. ಮೊದಲು ನೆಕ್ಕನ್ನು ಕೈಯಿಂದಲೇ ಒತ್ತಿ ಬೇಕಾದ ಹದಕ್ಕೆ ತಂದು, ಅದು ಹಾಗೆಯೇ ನಿಲ್ಲುವಷ್ಟು ಮಾತ್ರ ನಟ್ಟನ್ನು ಬಿಗಿಯಬೇಕು. ಕಾಕಾ ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟುಕೊಂಡು ಒತ್ತಿ ಹಿಡಿಯುತ್ತಿದ್ದರು, ನಾನು ಪಾನಾ ಹಿಡಿದು ಒಂದು ನಟ್ಟಿಗೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ತಿರುಗಿಸುತ್ತಿದ್ದೆ. ಆ ವಾದ್ಯದ ಮೈ ನನಗೆ ಎಷ್ಟು ಪರಿಚಿತ ಎಂಬುದು ತಮಗೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕಾಕಾ ಅವರ ಕೊನೆಯ ಕಾಯಿಲೆಯ ಖರ್ಚಿಗಾಗಿ 1997ರಲ್ಲಿ ಅದನ್ನು ಗೋವಾದ ಹೋಟೆಲ್ ಬ್ಯಾಂಡಿನ ಕಲಾವಿದರೊಬ್ಬರಿಗೆ ಮಾರಬೇಕಾಯಿತು. ಅದು ಅಲ್ಲಿಂದ ಪುಣೆಗೆ ಹೋದದ್ದು ತಿಳಿಯಿತು. ಆಮೇಲೆ ಸುಳಿವು ಸಿಗಲಿಲ್ಲ. ನಾನು ಅದನ್ನು ಹುಡುಕಲು ಆರಂಭಿಸಿ ಹನ್ನೊಂದು ವರ್ಷಗಳಾದವು.

ಅರ್ಜಿಯ ಜೊತೆಯಲ್ಲಿ ಕಾಕಾ ಅವರ ಡೈರಿಯಲ್ಲಿದ್ದ ಕ್ರಮಸಂಖ್ಯೆಯನ್ನೂ 1985ರ ಎರಡು ಫೋಟೋಗಳನ್ನೂ ಕಳುಹಿಸಿ, ವಾದ್ಯದ ಮೈಮೇಲಿನ ಗುರುತುಗಳನ್ನು ಒಂದು ಪುಟದಷ್ಟು ಬರೆದಿದ್ದೆ. ಅವುಗಳಲ್ಲಿ ಮುಖ್ಯವಾದವು ಎರಡು. ಒಂದು, ದಸರೆಯ ಖಂಡೆ ಪೂಜೆಯಲ್ಲಿ (ಆಯುಧ ಪೂಜೆಯಲ್ಲಿ) ಊದಿನಕಡ್ಡಿಯ ಕೆಂಡ ಬಿದ್ದು, ತಂತಿಗಳ ಬುಡದಲ್ಲಿರುವ ಬ್ರಿಡ್ಜಿನ ಕೆಳಗೆ ಬಾಡಿಯ ಅಂಚಿನಲ್ಲಿ ಹೆಸರುಕಾಳಿನಷ್ಟು ಅಗಲಕ್ಕೆ ಮರ ಸುಟ್ಟು ಕುಳಿಯಾಗಿತ್ತು. ಅದರಲ್ಲಿ ಸೇರಿಕೊಂಡ ಕುಂಕುಮವನ್ನು ತೆಗೆಯಲು ಅಜ್ಜಿ ಬಿಟ್ಟಿರಲಿಲ್ಲ. ಇನ್ನೊಂದು, ಧ್ವನಿ ಹೊಂದಿಸುವ ಗುಂಡಿಗಳ ಕೆಳಗಿರುವ ನಾಲ್ಕು ಪಾಟ್‌ಗಳಲ್ಲಿ ಒಂದು ಕೆಟ್ಟುಹೋದಾಗ ಖಡೇಬಜಾರಿನ ರೇಡಿಯೋ ರಿಪೇರಿಯವರು ರೇಡಿಯೋದ ಪಾಟ್ ಹಾಕಿಕೊಟ್ಟಿದ್ದರು. ಅದರ ದಂಡ ಸ್ವಲ್ಪ ಉದ್ದವಾಗಿದ್ದುದರಿಂದ ಆ ಒಂದು ಗುಂಡಿ ಉಳಿದ ಮೂರಕ್ಕಿಂತ ಎತ್ತರದಲ್ಲಿ ಕೂರುತ್ತಿತ್ತು. 1985ರ ಫೋಟೋದಲ್ಲಿಯೂ ಅದು ಕಾಣುತ್ತದೆ.

ಜುಲೈ 8ರ ಸಂಜೆ ಮಳೆ ಜೋರಾಗಿತ್ತು, ಕರೆಂಟು ಹೋಗಿತ್ತು. ಕೇಸ್ ತೆರೆದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತಲಲ್ಲಿಯೇ ಬ್ರಿಡ್ಜಿನ ಕೆಳಗಿನ ಅಂಚನ್ನು ಬೆರಳಿನಿಂದ ತಡವಿದೆ. ಎಲ್ಲಿಯೂ ತಗ್ಗಿರಲಿಲ್ಲ. ಅಂಚು ಈ ಕೊನೆಯಿಂದ ಆ ಕೊನೆಯವರೆಗೆ ನುಣುಪಾಗಿತ್ತು. ದೀಪ ಬಂದ ಮೇಲೆ ನೋಡಿದರೆ ನಾಲ್ಕೂ ಗುಂಡಿಗಳು ಒಂದೇ ಮಟ್ಟದಲ್ಲಿದ್ದವು. ಆದರೆ ಪಕ್ಕದಲ್ಲಿ ಕೇಬಲ್ ಸಿಕ್ಕಿಸುವ ಜ್ಯಾಕ್ ಪ್ಲೇಟಿನ ಮೇಲಿನ ಸಂಖ್ಯೆ ಮಾತ್ರ ಡೈರಿಯಲ್ಲಿದ್ದುದಕ್ಕೆ ಒಂದಂಕಿಯೂ ತಪ್ಪದೆ ಹೊಂದುತ್ತಿತ್ತು.

ತಮ್ಮ ಪರಿಶೀಲಕರು ಎಲ್ಲಿ ಎಡವಿದರು ಎಂಬುದು ಇಲ್ಲಿಯೇ ಇದೆ. ಆ ಕಾಲದ ರಿಕನ್‌ಬ್ಯಾಕರ್ ಬೇಸ್‌ಗಳ ಕ್ರಮಸಂಖ್ಯೆಯನ್ನು ಮರದ ಮೇಲೆ ಒತ್ತುತ್ತಿರಲಿಲ್ಲ. ಜ್ಯಾಕ್ ಪ್ಲೇಟಿನ ಮೇಲೆ ಒತ್ತುತ್ತಿದ್ದರು. ಅದರ ಮೊದಲ ಅಕ್ಷರ ವರ್ಷವನ್ನು, ಎರಡನೆಯ ಅಕ್ಷರ ತಿಂಗಳನ್ನು ಸೂಚಿಸುತ್ತದೆ. 1961ಕ್ಕೆ 'ಎ' ಎಂದು ಶುರುವಾಗಿ 1976ಕ್ಕೆ 'ಪಿ' ಬರುತ್ತದೆ, ಆಗಸ್ಟಿಗೆ 'ಎಚ್'. ನಮ್ಮದು 'ಪಿಎಚ್', ಅಂದರೆ 1976ರ ಆಗಸ್ಟ್. ಈ ಲೆಕ್ಕ ತಮ್ಮ ದೃಢೀಕರಣ ಪತ್ರದಲ್ಲಿ ಸರಿಯಾಗಿಯೇ ಇದೆ. ಆದರೆ ಆ ಪ್ಲೇಟು ಸ್ಕ್ರೂಗಳಿಂದ ಕೂರಿಸಿದ ಒಂದು ಲೋಹದ ತುಂಡು. ಸ್ಕ್ರೂ ಬಿಚ್ಚಿ, ಬೆಸುಗೆ ಕರಗಿಸಿದರೆ ಯಾವ 4001ರಿಂದ ಯಾವ 4001ಕ್ಕೆ ಬೇಕಾದರೂ ಹೋಗುತ್ತದೆ. ಬಾಗಿಲಿಗೆ ಹೊಡೆದ ನಂಬರ್ ಪ್ಲೇಟನ್ನು ಓದಿ ಮನೆ ಯಾರದೆಂದು ಹೇಳಲಾಗುವುದಿಲ್ಲ. ಅದಕ್ಕಾಗಿಯೇ ನಾನು ಮರದ ಮೇಲಿನ ಗುರುತುಗಳನ್ನು ಒಂದು ಪುಟ ಬರೆದು ಕಳುಹಿಸಿದ್ದು, ಪರಿಶೀಲನೆಗೆಂದು ಪ್ರತ್ಯೇಕ ಹಣ ಕೊಟ್ಟದ್ದು.

ಜುಲೈ 10ರಂದು ಇಲ್ಲಿನ ಅನುಭವಿ ತಂತ್ರಜ್ಞರೊಬ್ಬರ ಎದುರಿನಲ್ಲಿ, ವಿಡಿಯೋ ಚಿತ್ರೀಕರಣ ಮಾಡುತ್ತ, ಗುಂಡಿಗಳನ್ನು ಕೂರಿಸಿರುವ ಮುಂಭಾಗದ ಫಲಕವಾದ ಪಿಕ್‌ಗಾರ್ಡ್ ತೆಗೆದು ನೋಡಿದೆವು. ಒಳಗಿನ ನಾಲ್ಕೂ ಪಾಟ್‌ಗಳ ಬೆನ್ನಿನ ಮೇಲೆ '137' ಎಂದು ಆರಂಭವಾಗುವ ಒಂದೇ ಸಂಕೇತವಿದೆ. ಮೊದಲ ಮೂರು ಅಂಕಿಗಳು ತಯಾರಕರನ್ನು, ಅಂದರೆ ಸಿಟಿಎಸ್ ಕಂಪನಿಯನ್ನು ಸೂಚಿಸುತ್ತವೆ. ನಂತರದ ಎರಡು ಅಂಕಿಗಳು ವರ್ಷ, ಕೊನೆಯ ಎರಡು ವಾರ. ಇಲ್ಲಿರುವುದು '7914', ಎಂದರೆ 1979ರ 14ನೆಯ ವಾರ. ನಾಲ್ಕರ ಬೆಸುಗೆಯೂ ಕೈ ತಾಗದೆ ಹಳೆಯದಾಗಿ ಮಂಕಾಗಿರುವುದು ವಿಡಿಯೋದಲ್ಲಿ ಕಾಣುತ್ತದೆ. ಹೊಸ ಬೆಸುಗೆ ಇರುವುದು ಜ್ಯಾಕಿಗೆ ಹೋಗುವ ತಂತಿಗಳ ತುದಿಯಲ್ಲಿ ಮಾತ್ರ. 1979ರ ಬಿಡಿಭಾಗಗಳನ್ನು 1976ರಲ್ಲಿ ಕಾರ್ಖಾನೆಯಲ್ಲಿ ಹಾಕಿರಲು ಸಾಧ್ಯವಿಲ್ಲ.

ತಮ್ಮ ಮೊದಲ ಉತ್ತರದಲ್ಲಿ ಕ್ರಮಸಂಖ್ಯೆ ಹೊಂದುವುದರಿಂದ ದೃಢೀಕರಣ ಸರಿ ಎಂದೂ, ಎರಡನೆಯದರಲ್ಲಿ ಹಳೆಯ ಗುರುತುಗಳು ಪಾಲಿಶ್ ಮಾಡುವಾಗ ಅಳಿಸಿಹೋಗಿರಬಹುದೆಂದೂ ಬರೆದಿದ್ದೀರಿ. ಮರ ಸುಟ್ಟು ಬಿದ್ದ ಕುಳಿ ಪಾಲಿಶ್‌ನಿಂದ ಹೋಗುವುದಿಲ್ಲ. ಅದನ್ನು ತುಂಬಿದ್ದರೆ ತೇಪೆ ಕಾಣಬೇಕಿತ್ತು, ಬಣ್ಣವನ್ನೇ ಹೊಸದಾಗಿ ಹೊಡೆದಿದ್ದರೆ ತಮ್ಮದೇ ಪತ್ರದಲ್ಲಿ 'ಬಣ್ಣ ಮೂಲದ್ದು' ಎಂದು ಬರೆಯಬಾರದಿತ್ತು. ನನ್ನ ಒಂದು ಪುಟದ ವಿವರಣೆಯನ್ನು ಪರಿಶೀಲಕರು ಓದಿದ್ದರೇ ಎಂಬ ಪ್ರಶ್ನೆಗೆ ಎರಡೂ ಉತ್ತರಗಳಲ್ಲಿ ಒಂದು ಮಾತೂ ಇಲ್ಲ.

ಈ ಪ್ಲೇಟನ್ನು ತಮ್ಮಲ್ಲಿಯೇ ಬದಲಿಸಿದ್ದಾರೆಂದು ನಾನು ಆರೋಪಿಸುತ್ತಿಲ್ಲ. ಬಂದ ವಾದ್ಯವೂ ಕೆಟ್ಟದ್ದಲ್ಲ; ಅದು ನಿಜವಾದ 4001, ಒಳ್ಳೆಯ ನಾದವಿದೆ. ಅದನ್ನು ಬಯಸುವವರಿಗೆ ಅದು ಅದರ ನಿಜವಾದ ವಯಸ್ಸಿನೊಂದಿಗೆ ತಲುಪಬೇಕು.

ಆದರೆ ಪ್ಲೇಟು ನಮ್ಮದೇ. ಅದನ್ನು ಕಳಚಿ ಹಿಂಬದಿ ನೋಡಿದಾಗ, ಸೂಜಿಯಿಂದ ಕೊರೆದ 'ಬೆಳಗಾವಿ 81' ಎಂಬ ಅಕ್ಷರಗಳು ಕಂಡವು. 'ಳ'ದ ಕೊನೆಯ ಸುರುಳಿಯನ್ನು ಮೇಲಕ್ಕೆ ಎಳೆದು ಬಿಡುವುದು ಕಾಕಾ ಅವರ ಕೈಬರಹ. ಡೈರಿಯಲ್ಲಿಯೂ ಹಾಗೆಯೇ ಇದೆ. ಎರಡು ಜ್ಯಾಕ್‌ಗಳಲ್ಲಿ ಸಾದಾ ಜ್ಯಾಕಿನ ಸುತ್ತ ನಿಕಲ್ ಸವೆದು ಹಳದಿ ಬಣ್ಣ ಕಾಣುತ್ತಿದೆ. ಎರಡು ಆಂಪ್ಲಿಫೈಯರುಗಳಿಗೆ ಪ್ರತ್ಯೇಕವಾಗಿ ಕೊಡುವ ಸ್ಟೀರಿಯೋ ಜ್ಯಾಕು ಹೊಸದರಂತಿದೆ, ಏಕೆಂದರೆ ನಮ್ಮ ಮಂಟಪಗಳಲ್ಲಿ ಕಾಕಾ ಅವರಿಗೆ ಸಿಗುತ್ತಿದ್ದದ್ದು ಒಂದೇ ಆಂಪ್ಲಿಫೈಯರ್. ಹೀಗಾಗಿ ಈ ಪ್ಲೇಟು ಕಳಚಿ ಬಂದ ಮೂಲ ವಾದ್ಯ, ಬಹುಶಃ ಬೇರೊಂದು ಸಂಖ್ಯೆಯನ್ನು ಹೊತ್ತು, ಯಾರದೋ ಮನೆಯಲ್ಲಿದೆ ಎಂದು ನಂಬಲು ಕಾರಣವಿದೆ. ಹನ್ನೊಂದು ವರ್ಷಗಳಲ್ಲಿ ನನಗೆ ಸಿಕ್ಕಿರುವ ಗಟ್ಟಿ ಸುಳಿವು ಇದೊಂದೇ. ಅದರ ಮುಂದಿನ ಕೊಂಡಿ ತಮ್ಮ ಖರೀದಿ ದಾಖಲೆಗಳಲ್ಲಿದೆ.

ಆದ್ದರಿಂದ ವಾದ್ಯವನ್ನು ತಮ್ಮ ವೆಚ್ಚದಲ್ಲಿ ಹಿಂಪಡೆದು, ಪರಿಶೀಲನಾ ಶುಲ್ಕವೂ ಸೇರಿ ಒಟ್ಟು ₹2,91,500ನ್ನು ಮರಳಿಸಬೇಕೆಂದೂ, ದೃಢೀಕರಣ ಪತ್ರವನ್ನು ಲಿಖಿತವಾಗಿ ರದ್ದುಪಡಿಸಿ, ಅದೇ ವಾದ್ಯವನ್ನು ಮತ್ತೆ 1976ರದೆಂದು ಮಾರಾಟಕ್ಕೆ ಇಡಬಾರದೆಂದೂ ಕೋರುತ್ತೇನೆ. ವಾದ್ಯವನ್ನು ತಮಗೆ ಮಾರಿದವರ ಹೆಸರು, ವಿಳಾಸಗಳನ್ನು ನನಗೆ ಕೊಡಲು ತಮಗೆ ನಿಯಮಗಳ ಅಡ್ಡಿ ಇದ್ದರೆ, ಈ ಪತ್ರದ ಜೊತೆಗಿರುವ ಮುಚ್ಚಿದ ಲಕೋಟೆಯನ್ನು ಅವರಿಗೆ ತಲುಪಿಸಿದರೆ ಸಾಕು. ಆ ಪ್ಲೇಟು ಅವರಿಗೆ ಎಲ್ಲಿಂದ, ಯಾವ ವರ್ಷ ಬಂತು ಎಂದಷ್ಟೇ ಅದರಲ್ಲಿ ಕೇಳಿದ್ದೇನೆ.

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಗ್ರಾಹಕರ ದೂರನ್ನು ಸ್ವೀಕರಿಸಿದ್ದಕ್ಕೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ದೂರಿನ ಒಂದು ತಿಂಗಳು ಆಗಸ್ಟ್ 9ಕ್ಕೆ ಮುಗಿದಿದೆ. ಈ ಪತ್ರ ತಲುಪಿದ 15 ದಿನಗಳೊಳಗೆ ತಮ್ಮಿಂದ ಕ್ರಮವಾಗದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ದಾಖಲಿಸಲು ಅವಕಾಶವಿರುವುದರಿಂದ, ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ.

ವಾದ್ಯವನ್ನು ಒಯ್ಯಲು ಬರುವವರಿಗೆ ಒಂದು ವಿಷಯ ತಿಳಿಸಿರಬೇಕೆಂದು ಕೋರಿಕೆ. ಪ್ಲೇಟನ್ನು ನಾನು ಬೇರೆಯಾಗಿಟ್ಟುಕೊಂಡಿಲ್ಲ, ಬಂದಂತೆಯೇ ಮತ್ತೆ ಕೂರಿಸಿದ್ದೇನೆ. ಅದಕ್ಕೆ ತಾವು ಪ್ರತ್ಯೇಕವಾಗಿ ಬೆಲೆ ಕಟ್ಟುವುದಾದರೆ ಕೊಟ್ಟು ಉಳಿಸಿಕೊಳ್ಳಲು ಸಿದ್ಧನಿದ್ದೇನೆ. ಇಲ್ಲವಾದರೆ ದಯವಿಟ್ಟು ಅದರ ಹಿಂಬದಿಯನ್ನು ಉಜ್ಜಿ ಪಾಲಿಶ್ ಮಾಡಿಸಬೇಡಿ.

ಇತಿ ತಮ್ಮ ವಿಶ್ವಾಸಿ,
(ಸಹಿ)